ಅಕ್ಕೋರ ಸೊಂಟನೋವು

ನಮ್ಮ ಅಕ್ಕೋರಿಗೆ ಸೊಂಟನೋವಿತ್ತು. ಅವರ ಬಗ್ಗೆ ಏನು ಹೇಳಹೊರಟರೂ ಅಲ್ಲಿಂದಲೇ ಶುರು ಮಾಡಬೇಕು, ಯಾಕೆಂದರೆ ತರಗತಿಯೊಳಗೆ ಅವರಿಗಿಂತ ಮೊದಲು ಅವರ ಸೊಂಟನೋವು ಬರುತ್ತಿತ್ತು. ಮೊದಲು ವರಾಂಡದಲ್ಲಿ 'ಚರ್ರ್' ಎಂದು ಒಂದು ಸದ್ದು. ಸೀರೆಯ ಮೇಲೆ ಅವರು ಸುತ್ತಿಕೊಳ್ಳುತ್ತಿದ್ದ ಕಂದುಬಣ್ಣದ ಅಗಲವಾದ ಬೆಲ್ಟನ್ನು ಕಿತ್ತು ಮತ್ತೆ ಬಿಗಿಯಾಗಿ ಅಂಟಿಸಿಕೊಳ್ಳುವ ಸದ್ದು ಅದು. ಅದು ಕಿವಿಗೆ ಬಿದ್ದರೆ ಸಾಕು, ನಾವು ಪುಸ್ತಕ ಮುಚ್ಚಿ ತೋಳು ಏರಿಸಿಕೊಳ್ಳುತ್ತಿದ್ದೆವು. ಇವತ್ತು ಏನೋ ಎತ್ತುವುದಿದೆ ಎಂದು ಅದರ ಅರ್ಥ.

ಹೋದ ತಿಂಗಳು ಅವರು ನಿವೃತ್ತರಾದರು. ನಿಮ್ಮ ಬಗ್ಗೆ ಬರೆಯುತ್ತೇನೆ ಎಂದಾಗ ಹೆಸರು ಮಾತ್ರ ಹಾಕಕೂಡದು ಎಂದು ತಾಕೀತು ಮಾಡಿದ್ದಾರೆ. "ಹೆಸರು ಹಾಕಿದ್ರ ನೋಡವ್ವಾ, ಊರಾಗ ನನ್ನ ತಮ್ಮ ಓದತಾನ. ಸೊಂಟನೋವು ಅಂತ ಗೊತ್ತಾದ್ರ ಅವನೂ ಎಣ್ಣಿ ಕಳಸ್ತಾನ" ಎಂದರು. ಎಣ್ಣೆಯ ಕತೆ ಮುಂದೆ ಬರುತ್ತದೆ. ಹೆಸರಿಲ್ಲದಿದ್ದರೇನು, ಅಕ್ಕೋರು ಎಂದರೆ ನಮಗೆ ಒಬ್ಬರೇ.

ಗೋವೆಯ ವಾಸ್ಕೋದಲ್ಲಿ ಸಿಸ್ಟರುಗಳು ನಡೆಸುತ್ತಿದ್ದ, ಹೆಣ್ಣುಮಕ್ಕಳಿಗೆಂದೇ ಇದ್ದ ಶಾಲೆ ನಮ್ಮದು. ಒಂದು ಗೋಡೆಯಾಚೆ ಗಂಡುಹುಡುಗರ ಶಾಲೆ. ನಾನು ಸಡಾದ ಗುಡ್ಡದ ಮೇಲಿನವಳು. ನಾಲ್ಕನೆಯ ತರಗತಿಯವರೆಗೆ ಕನ್ನಡ ಶಾಲೆಯಲ್ಲಿ ಓದಿದ ನನ್ನನ್ನು ಅಪ್ಪ ಎಳೆದುಕೊಂಡು ಬಂದು ಇಲ್ಲಿ ಸೇರಿಸಿದ. ಅಪ್ಪ ಸಿಂದಗಿ ಕಡೆಯಿಂದ ಬಂದು ಬಂದರಿನಲ್ಲಿ ಹಮಾಲಿ ಮಾಡುತ್ತಿದ್ದವನು. ಈ ಶಾಲೆಯ ಬಗ್ಗೆ ಅವನಿಗೆ ತಿಳಿದಿದ್ದು ಒಂದೇ ಸಂಗತಿ. "ಅಲ್ಲಿ ಗಂಡಹುಡುಗ್ರು ಇಲ್ಲ. ಹುಡುಗಿ ಹುಡುಗಿ ಹಂಗ ಇರತಾಳ" ಎಂದು ಅವ್ವನಿಗೆ ಹೇಳಿದ್ದ. ಪಾಪ, ಗಂಡುಹುಡುಗರಿಲ್ಲದ ಕಡೆ ಬೆಂಚು ಯಾರು ಎತ್ತುತ್ತಾರೆ ಎಂಬ ಪ್ರಶ್ನೆ ಅವನಿಗೆ ಹೊಳೆಯಲಿಲ್ಲ. ಜೀವನವೆಲ್ಲ ಮೂಟೆ ಹೊತ್ತವನಿಗೇ ಹೊಳೆಯಲಿಲ್ಲ!

ಬೇರೆ ಶಾಲೆಗಳಲ್ಲಿ "ಇಬ್ರು ಹುಡುಗ್ರು ಬರ್ರೋ ಇಲ್ಲಿ" ಎಂಬ ಮಾತು ದಿನಕ್ಕೊಮ್ಮೆಯಾದರೂ ಕೇಳಿಸುತ್ತದೆ. ಮೇಜು ಸರಿಸಬೇಕು, ಏಣಿ ತರಬೇಕು, ಫ್ಯಾನು ನಿಂತಿದೆ, ಮೈಕು ಕೆಟ್ಟಿದೆ, ಎಲ್ಲಕ್ಕೂ ಅದೇ ಮಾತು. ನಮ್ಮ ಶಾಲೆಯಲ್ಲಿ ಹಾಗೆ ಕೂಗಿದರೆ ಬರುವವರು ಯಾರೂ ಇರಲಿಲ್ಲ. ಇದ್ದ ಒಬ್ಬನೇ ಗಂಡಸು ಪ್ಯೂನ್ ಅಂಕಲ್. ಅವರಿಗೆ ಹರ್ನಿಯಾ ಆಪರೇಷನ್ ಆಗಿ, ಗಂಟೆ ಬಾರಿಸುವುದು ಮತ್ತು ಬೀಗದ ಕೈ ಹಿಡಿದು ನಿಲ್ಲುವುದಷ್ಟೇ ಅವರ ಪಾಲಿಗೆ ಉಳಿದಿತ್ತು. ಜೂನ್ ಬಂತೆಂದರೆ ಹೆಂಚಿನ ಮಾಡು ಎಲ್ಲಿ ಬೇಕಾದರಲ್ಲಿ ಸೋರುತ್ತಿತ್ತು. ಸೋರುವ ಮೂಲೆಯಿಂದ ಸೋರದ ಮೂಲೆಗೆ ಬೆಂಚುಗಳನ್ನು ಸಾಗಿಸುವುದರಲ್ಲೇ ಅರ್ಧ ಮಳೆಗಾಲ ಕಳೆದುಹೋಗುತ್ತಿತ್ತು.

ಈ ಸಾಗಾಟಕ್ಕೆಲ್ಲ ಅಕ್ಕೋರೇ ಮುಖ್ಯಸ್ಥರು. ಅವರು ವಿಜ್ಞಾನದ ಟೀಚರು, ಧಾರವಾಡದಲ್ಲಿ ಓದಿದವರು, ರೇಲ್ವೆ ಗಾರ್ಡನ್ನು ಮದುವೆಯಾಗಿ ಗೋವೆಗೆ ಬಂದವರು. ಕುಳ್ಳಗೆ, ಸಣ್ಣಗೆ, ಗಾಳಿ ಬೀಸಿದರೆ ಹಾರಿಹೋದಾರು ಎನ್ನುವ ಹಾಗಿದ್ದರು. ಸೊಂಟದ ಬೆಲ್ಟಿನಲ್ಲಿ ಒಂದು ಟೆಸ್ಟರು, ಸೀಮೆಸುಣ್ಣದ ತುಂಡು ಮತ್ತು ಲ್ಯಾಬಿನ ಚಾವಿ ಸಿಕ್ಕಿಸಿಕೊಂಡಿರುತ್ತಿದ್ದರು. ಒಂದು ಕೈ ಯಾವಾಗಲೂ ಸೊಂಟದ ಹಿಂದೆ. ಇನ್ನೊಂದು ಕೈಯಲ್ಲಿ ನಮ್ಮನ್ನು ನಡೆಸುತ್ತಿದ್ದರು. "ಮೂಲಿ ಹಿಡೀರೆವ್ವಾ, ಮೂಲಿ! ನಡುವ ಹಿಡದ್ರ ಮೇಜು ಕುಣೀತೈತಿ. ಹೂಂ, ಎತ್ತ್ರಿ!" ಕೊಂಕಣಿ ಹುಡುಗಿಯರು, ಮರಾಠಿ ಹುಡುಗಿಯರು, ಕೇರಳದ ಹುಡುಗಿಯರು, ಎಲ್ಲರೂ ಕಲಿತ ಮೊದಲ ಕನ್ನಡ ಮಾತು ಅದೇ. ಇವತ್ತಿಗೂ ಮಡಗಾಂವ್ ಮಾರ್ಕೆಟ್ಟಿನಲ್ಲಿ ನನ್ನ ಹಳೆಯ ಸಹಪಾಠಿ ಯಾರಾದರೂ ಸಿಕ್ಕರೆ, ಮೀನಿನ ಚೀಲ ಎತ್ತುತ್ತ "ಹೂಂ, ಎತ್ತ್ರಿ" ಎಂದು ನಗುತ್ತಾಳೆ.

ಕರೆಂಟು ಹೋದರೆ ಅಕ್ಕೋರು ಬೆಲ್ಟಿನಿಂದ ಟೆಸ್ಟರು ತೆಗೆದು ಎದುರಿಗೆ ಸಿಕ್ಕವಳ ಕೈಗೆ ಕೊಡುತ್ತಿದ್ದರು. "ಹೋಗವ್ವಾ, ನಂಗ ಖುರ್ಚಿ ಹತ್ತಾಕ ಆಗಂಗಿಲ್ಲ. ಮೊದ್ಲ ಮೇನ್ ಸ್ವಿಚ್ ತಗಿ, ಆಮ್ಯಾಲೆ ದೇವರ ನೆನಿ." ಈ ಕ್ರಮ ತಪ್ಪಿಸಿ ಮೊದಲು ದೇವರನ್ನು ನೆನೆದ ಹುಡುಗಿಯನ್ನು ಖುರ್ಚಿಯಿಂದ ಇಳಿಸಿ ಇನ್ನೊಬ್ಬಳನ್ನು ಹತ್ತಿಸಿದ್ದನ್ನು ನಾನೇ ನೋಡಿದ್ದೇನೆ. ಲ್ಯಾಬಿನಲ್ಲೂ ಅಷ್ಟೇ. ಅವರು ಕುಳಿತಲ್ಲಿಂದ ಏಳುತ್ತಿರಲಿಲ್ಲ. ಬ್ಯಾಟರಿ, ವೈರು, ಬಲ್ಬು ಎಲ್ಲ ನಮ್ಮ ಮುಂದೆ. ತಪ್ಪು ಜೋಡಿಸಿದರೆ ಬಲ್ಬು ಹತ್ತುತ್ತಿರಲಿಲ್ಲ, ಅವರು ಬೈಯುತ್ತಲೂ ಇರಲಿಲ್ಲ. "ಬಲ್ಬಿಗೆ ಸಿಟ್ಟು ಬಂದೈತಿ, ರಮಿಸ್ರಿ" ಎನ್ನುತ್ತಿದ್ದರು, ಅಷ್ಟೆ.

ಪಾಲಕರ ಸಭೆಗೆ ಬಂದ ಅಪ್ಪ ಅವರ ಬೆಲ್ಟು ನೋಡಿ ಮರುಗಿಬಿಟ್ಟ. ಸೊಂಟದ ವಿಷಯದಲ್ಲಿ ಹಮಾಲರಿಗಿಂತ ತಿಳಿದವರು ಯಾರಿದ್ದಾರೆ ಎಂಬುದು ಅವನ ಖಾತ್ರಿ. "ಅಕ್ಕೋರ, ಸೊಂಟದಿಂದ ಎತ್ತಬಾರದ್ರಿ, ಮೊಣಕಾಲಿಂದ ಎತ್ತಬೇಕ್ರಿ. ನಾ ಒಂದು ಎಣ್ಣಿ ತಂದುಕೊಡತೇನ್ರಿ, ಊರಾಗ ನಮ್ಮ ಅತ್ತಿ ಕಾಸತಾಳ" ಎಂದ. ಅಕ್ಕೋರು ಯಾಕೋ ಬಹಳ ಸಂಕೋಚಪಟ್ಟುಕೊಂಡು "ಬ್ಯಾಡ್ರಿ, ಖರೇನ ಬ್ಯಾಡ್ರಿ" ಎಂದರು. ಅಪ್ಪ ಬಿಡಲಿಲ್ಲ. ಪ್ರತಿ ವರ್ಷ ನಾಗರ ಪಂಚಮಿಗೆ ಊರಿಂದ ಒಂದು ಬಾಟಲಿ ಬರುತ್ತಿತ್ತು, ಅದನ್ನು ಶಾಲೆಗೆ ಹೊತ್ತು ತಲುಪಿಸುವುದು ನನ್ನ ಕೆಲಸ.

ಹತ್ತನೆಯ ತರಗತಿ ಮುಗಿಸಿ ಹೋಗುವ ಹುಡುಗಿಯರಿಗೆ ನಮ್ಮಲ್ಲಿ ಒಂದು ಪದ್ಧತಿಯಿತ್ತು. ಲ್ಯಾಬಿನ ನಡುವೆ ಸಾಗವಾನಿಯ ಒಂದು ದೊಡ್ಡ ಮೇಜಿತ್ತು. ಪೋರ್ಚುಗೀಸರ ಕಾಲದ್ದು ಎನ್ನುತ್ತಿದ್ದರು, ತೂಕ ನೋಡಿದರೆ ಪೋರ್ಚುಗೀಸರು ಅದನ್ನು ಎತ್ತಲಾಗದೆ ಬಿಟ್ಟುಹೋಗಿರಬೇಕು. ಅದನ್ನು ಅಂಗಳದ ಬಾದಾಮಿ ಮರದ ಕೆಳಗೆ ಹೊತ್ತು ತಂದು, ಅದರ ಸುತ್ತ ನಿಂತು ಫೋಟೋ ತೆಗೆಸಿಕೊಂಡು, ಮತ್ತೆ ಒಳಗಿಟ್ಟು ಬರಬೇಕು. ನಾಲ್ಕು ಮೂಲೆ ಹಿಡಿಯುವ ನಾಲ್ವರನ್ನು ಅಕ್ಕೋರೇ ಆರಿಸುತ್ತಿದ್ದರು. ಮೊದಲ ರ್‍ಯಾಂಕಿಗಿಂತ ಅದು ದೊಡ್ಡ ಗೌರವ. ನಮ್ಮ ವರ್ಷ ಒಂದು ಮೂಲೆ ನನ್ನದು, ನನ್ನೆದುರಿನ ಮೂಲೆ ನನ್ನ ಗೆಳತಿ ಶಬಾನಾಳದು. ಶಬಾನಾಳ ಅಬ್ಬಾ ಕುಡಚಡೆಯಲ್ಲಿ ಅದಿರಿನ ಟ್ರಕ್ಕು ಓಡಿಸುತ್ತಿದ್ದರು.

ಫೋಟೋ ಮುಗಿದ ಮೇಲೆ ಎಲ್ಲರದೂ ಒಂದೇ ಚಿಂತೆ. ಮುಂದೇನು? ಸೈನ್ಸೋ, ಕಾಮರ್ಸೋ, ಆರ್ಟ್ಸೋ? ಅಕ್ಕೋರನ್ನು ಕೇಳಿದರೆ, "ನಂಗೇನು ಕೇಳತೀರಿ, ನಾ ಏನು ನಿಮ್ಮ ಜೋಡಿ ಬರಾಕಿ ಏನು?" ಎಂದು ಕೈಚೆಲ್ಲಿದರು. ನಾನು ಅಪ್ಪನನ್ನು ಕೇಳಿದೆ. ಅಪ್ಪ ಬಹಳ ಯೋಚಿಸಿ, ಜೋಪಾನವಾದ ಉತ್ತರ ಕೊಟ್ಟ. "ಉಳದ ಹುಡುಗ್ಯಾರು ಏನು ತಗೋತಾರ, ನೀನೂ ಅದನ್ನ ತಗೋ." ಅವನ ಲೆಕ್ಕದಲ್ಲಿ ಹುಡುಗಿಯರು ತೆಗೆದುಕೊಳ್ಳುವುದು ಎಂದರೆ ಯಾವುದೋ ಮೆತ್ತಗಿನ, ಕುಳಿತು ಓದುವ ವಿಷಯ. ಆದರೆ ನಮ್ಮ ಶಾಲೆಯಲ್ಲಿ ಉಳಿದವರೆಲ್ಲ ಹುಡುಗಿಯರೇ, ಮತ್ತು ಆ ವರ್ಷ ನಮ್ಮ ಬೆಂಚಿನ ಸುತ್ತಲಿನವರೆಲ್ಲ ಸೈನ್ಸ್ ಹಿಡಿದಿದ್ದರು. ಶಬಾನಾ ಒಬ್ಬಳು ಕಾಮರ್ಸ್ ಎಂದಳು. ಅಬ್ಬಾನ ಟ್ರಕ್ಕಿನ ವ್ಯವಹಾರ ತಾನೇ ನೋಡಿಕೊಳ್ಳಬೇಕೆಂಬ ಆಸೆ ಅವಳಿಗೆ ಮೊದಲಿನಿಂದಲೂ ಇತ್ತು. ನಾನು ಅಪ್ಪನ ಮಾತನ್ನು ಅಕ್ಷರಶಃ ಪಾಲಿಸಿ ಸೈನ್ಸ್ ತೆಗೆದುಕೊಂಡೆ.

ಗೋಡೆಯಾಚೆಗಿನ ಕತೆಯೂ ಇಂಥದೇ. ನನ್ನ ತಮ್ಮ ಈರಣ್ಣ ಗಂಡುಹುಡುಗರ ಶಾಲೆಯಲ್ಲಿದ್ದ. ಅಲ್ಲಿ ವಾರ್ಷಿಕೋತ್ಸವಕ್ಕೆ ರಂಗೋಲಿ ಹಾಕುವವರು ಹುಡುಗರೇ, ನಾಟಕದಲ್ಲಿ ಸೀತೆಯೂ ಹುಡುಗನೇ, ಸೀತೆಯ ಸೀರೆಗೆ ಜರಿ ಹೊಲಿಯುವವನೂ ಹುಡುಗನೇ. ಹೊಲಿದವನು ನಮ್ಮ ಈರಣ್ಣ. ಅವನು ಮುಂದೆ ಬಟ್ಟೆ ವಿನ್ಯಾಸದ ಕೋರ್ಸು ಸೇರಿದ, ಈಗ ಮದುವೆ ಬ್ಲೌಸುಗಳಿಗೆ ಅವನ ಅಂಗಡಿಯ ಮುಂದೆ ಹೆಂಗಸರು ಸಾಲು ನಿಲ್ಲುತ್ತಾರೆ. ಆಗ ಅಪ್ಪ ತಲೆಯ ಮೇಲೆ ಕೈಹೊತ್ತು ಕುಳಿತಿದ್ದ. "ಮಗಳು ವೈರ್ ಹಿಡದಾಳ, ಮಗ ಸೂಜಿ ಹಿಡದಾನ. ಸಾಲಿಯವ್ರು ಎಲ್ಲೋ ಅದ್ಲಿಬದ್ಲಿ ಮಾಡ್ಯಾರ" ಎಂದು ಓಣಿಯಲ್ಲೆಲ್ಲ ಹೇಳಿಕೊಂಡು ಬಂದ. ಹೇಳುವಾಗ ಅವನಿಗೆ ಬೇಜಾರಿತ್ತೋ ಹೆಮ್ಮೆಯಿತ್ತೋ, ನನಗೆ ಇವತ್ತಿಗೂ ಬಗೆಹರಿದಿಲ್ಲ.

ಹೈಯರ್ ಸೆಕೆಂಡರಿಯಲ್ಲಿ ಹುಡುಗರು ಹುಡುಗಿಯರು ಒಟ್ಟಿಗೆ. ನನ್ನ ಶಾಲೆಯ ಗೆಳತಿಯರೆಲ್ಲ ಬೇರೆ ಬೇರೆ ಡಿವಿಜನ್ನುಗಳಿಗೆ ಚದುರಿಹೋಗಿದ್ದರು. ಮೊದಲ ವಾರವೇ ಫಿಸಿಕ್ಸ್ ಸರ್ ಲ್ಯಾಬಿನ ಬಾಗಿಲಲ್ಲಿ ನಿಂತು, "ಈ ಮೇಜು ಆ ಕಡೆ ಇಡಬೇಕು, ಇಬ್ಬರು ಬನ್ನಿ" ಎಂದರು. ನಾನು ಎದ್ದೆ. ಹೋಗಿ ಮೂಲೆಯನ್ನೂ ಹಿಡಿದೆ. ಅಷ್ಟರಲ್ಲಿ ಇಡೀ ತರಗತಿ ನಗುತ್ತಿದೆ ಎಂದು ಗೊತ್ತಾಯಿತು. ಇಬ್ಬರು ಎಂದರೆ ಇಬ್ಬರು ಹುಡುಗರು ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು, ನನಗೊಬ್ಬಳಿಗೆ ಗೊತ್ತಿರಲಿಲ್ಲ. ಸರ್ ಕೂಡ ನಗುತ್ತ, "ನೀನು ಕೂತ್ಕೋಮ್ಮಾ" ಎಂದರು. ಹಿಂದಿನ ಬೆಂಚಿನಿಂದ ಯಾವನೋ "ಹಮಾಲ್" ಎಂದ. ನನ್ನ ಅಪ್ಪ ನಿಜವಾಗಿಯೂ ಹಮಾಲ ಎಂದು ಅವನಿಗೆ ತಿಳಿದಿರಲಿಲ್ಲ. ನನಗೆ ಅಳು ಬಂತು, ಅಳು ಬಂದಿದ್ದಕ್ಕೆ ಇನ್ನಷ್ಟು ಅವಮಾನವಾಯಿತು.

ಪ್ರಾಕ್ಟಿಕಲ್ ಶುರುವಾದಾಗ ನಮ್ಮ ಗುಂಪಿನಲ್ಲಿ ನನ್ನ ಜತೆ ಮೂವರು ಹುಡುಗರು. ಕೆಟ್ಟ ಹುಡುಗರೇನಲ್ಲ. ಅವರಲ್ಲಿ ನೀಲೇಶ ಎಂಬುವನಂತೂ ಬಹಳ ಮರ್ಯಾದಸ್ತ. ಅವನೇ ನನ್ನ ಕೈಗೆ ಪೆನ್ನು ಕೊಟ್ಟು, "ನಿನ್ನ ಅಕ್ಷರ ಚೆನ್ನಾಗಿದೆ, ನೀನು ರೀಡಿಂಗ್ ಬರಿ" ಎಂದ. ಅವರು ವೈರು ಜೋಡಿಸಿದರು, ನಾನು ಬರೆದೆ. ಮರುವಾರವೂ ಬರೆದೆ. ನನ್ನ ಅಕ್ಷರ ಚೆನ್ನಾಗಿದ್ದದ್ದು ನಿಜ, ಜಗಳವಾಡಲು ಕಾರಣವೇ ಇರಲಿಲ್ಲ. ಯಾರೂ ಬೈದಿರಲಿಲ್ಲ, ಯಾರೂ ತಡೆದಿರಲಿಲ್ಲ, ಆದರೂ ನಾನು ದಿನದಿಂದ ದಿನಕ್ಕೆ ಸಣ್ಣವಳಾಗುತ್ತಿದ್ದೆ. ಕಾಮರ್ಸಿಗೆ ಬದಲಾಯಿಸಿಕೊಳ್ಳಲು ಇನ್ನೂ ಒಂದು ವಾರ ಅವಕಾಶವಿತ್ತು. ಹೋಗಿಬಿಡೋಣ ಎಂದು ನಿಶ್ಚಯಿಸಿದೆ. ಅಪ್ಪನಿಗೆ ಹೇಳುವ ಮೊದಲು ಅಕ್ಕೋರಿಗೆ ಒಂದು ಮಾತು ಹೇಳಬೇಕೆನಿಸಿತು. ಪಂಚಮಿಯ ಎಣ್ಣೆ ಬಾಟಲಿಯೂ ಕೊಡುವುದಿತ್ತು.

ಅವರ ಮನೆ ಬಂದರಿನ ಕಡೆಯ ರೇಲ್ವೆ ಕ್ವಾರ್ಟರ್ಸಿನ ಮೂರನೆಯ ಮಾಳಿಗೆಯಲ್ಲಿ. ಭಾನುವಾರ ಬೆಳಿಗ್ಗೆ ನಾನು ಮೆಟ್ಟಿಲು ಹತ್ತುತ್ತಿದ್ದೆ. ನನ್ನ ಮುಂದೆ ಯಾರೋ ಒಬ್ಬ ಹೆಂಗಸು ತುಂಬಿದ ಗ್ಯಾಸ್ ಸಿಲಿಂಡರನ್ನು ಹೆಗಲ ಮೇಲಿಟ್ಟುಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಯಾವುದೋ ಹಾಡು ಗುನುಗುತ್ತ ಲಗುಬಗೆಯಿಂದ ಹತ್ತುತ್ತಿದ್ದಳು. ಎಷ್ಟು ಗಟ್ಟಿ ಹೆಂಗಸು ಎಂದುಕೊಂಡೆ. ತಿರುವಿನಲ್ಲಿ ಅವಳು ಮುಖ ತಿರುಗಿಸಿದಳು. ಅಕ್ಕೋರು! ಬೆಲ್ಟಿಲ್ಲ, ಸೊಂಟದ ಮೇಲೆ ಕೈಯಿಲ್ಲ. ನನ್ನನ್ನು ನೋಡಿದ್ದೇ ತಡ ಸಿಲಿಂಡರನ್ನು ಮೆಟ್ಟಿಲ ಮೇಲೆ ಇಳಿಸಿ, ಎರಡೂ ಕೈ ಸೊಂಟಕ್ಕೆ ಕೊಟ್ಟು, "ಅಯ್ಯಯ್ಯೋ ಶಿವನ" ಎಂದು ನರಳಿದರು.

ನಾನು ಬಾಯಿ ತೆರೆದು ನಿಂತಿದ್ದೆ. ಅವರು ಸ್ವಲ್ಪ ಹೊತ್ತು ನರಳಿ ನೋಡಿದರು. ನಾನು ನಂಬುತ್ತಿಲ್ಲ ಎಂದು ಖಾತ್ರಿಯಾದ ಮೇಲೆ ನಿಲ್ಲಿಸಿದರು.

"ಎಲ್ಲಿಂದ ನೋಡಾಕತ್ತಿದ್ದಿ?"

"ಕೆಳಗಿನಿಂದಾನ್ರಿ."

"ಹಂಗಾರ ನರಳಿದ್ದು ದಂಡ ಆತು. ಬಾ ಒಳಗ. ಆ ಕಡಿ ಹಿಡಿ ಇದನ್ನ" ಎಂದರು. ಇಬ್ಬರೂ ಸಿಲಿಂಡರನ್ನು ಒಳಗೆ ಒಯ್ದೆವು.

ಅಡುಗೆಮನೆಯ ಕಪಾಟಿನ ಒಂದು ಸಾಲು ತುಂಬ ಬರೀ ಎಣ್ಣೆ ಬಾಟಲಿಗಳು. ನಮ್ಮ ಅಪ್ಪ ಕೊಟ್ಟಿದ್ದವು, ಶಬಾನಾಳ ನಾನಿ ಕಳಿಸಿದ್ದ ಕರಿ ಎಣ್ಣೆ, ಯಾರದೋ ತಾಯಿ ಸೊಂಟಕ್ಕೆ ತಿಕ್ಕಲೆಂದು ಕೊಟ್ಟ, ಕರ್ಪೂರ ಹಾಕಿದ ಫೆಣಿ ಸಾರಾಯಿ. ನಾನು ತಂದ ಬಾಟಲಿಯನ್ನೂ ಅಲ್ಲೇ ಇಟ್ಟರು. "ಚೆಲ್ಲಾಕ ಮನಸ್ಸು ಬರಂಗಿಲ್ಲವ್ವಾ. ಬಾಗಿಲಕ್ಕ ಹಾಕತೇನಿ. ನಮ್ಮ ಮನ್ಯಾಗ ಒಂದು ಬಾಗಿಲಾನೂ ಕಿರ್ ಅನ್ನಂಗಿಲ್ಲ ನೋಡು" ಎಂದು ಒಂದು ಬಾಗಿಲು ಆಡಿಸಿ ತೋರಿಸಿದರು. ನಿಜ, ಸದ್ದೇ ಇರಲಿಲ್ಲ.

"ಯಾಕ್ರಿ ಅಕ್ಕೋರ ಹಿಂಗ?" ಎಂದು ಕೇಳಿದೆ.

ಅವರು ಚಹಾಕ್ಕೆ ಇಟ್ಟು, ಬೆನ್ನು ತಿರುಗಿಸಿಕೊಂಡೇ ಹೇಳಿದರು. "ಧಾರವಾಡದಾಗ ಬಿಎಸ್ಸಿ ಮಾಡುವಾಗ ನನ್ನ ಬ್ಯಾಚಿನ್ಯಾಗ ನಾ ಒಬ್ಬಾಕಿನ ಹುಡುಗಿ. ಉಳದವ್ರು ಜೋಡಸ್ತಿದ್ರು, ನಾ ಬರೀತಿದ್ದೆ. ನನ್ನ ಅಕ್ಷರ ಭಾಳ ಚಂದ. ಡಿಗ್ರಿ ಮುಗಿಯೋ ತನಕಾ ಒಂದು ವೈರ್ ಮುಟ್ಟಲಿಲ್ಲ. ಫಸ್ಟ್ ಕ್ಲಾಸ್ ಬಂತು. ಈ ಸಾಲಿಗೆ ಬಂದೆ. ಮೊದಲನೇ ದಿನ ಹುಡುಗ್ಯಾರು ಬ್ಯಾಟರಿ ತಂದಿಟ್ಟು, ಟೀಚರ್ ಬಲ್ಬ್ ಹಚ್ಚಿ ತೋರಸ್ರಿ ಅಂದ್ರು. ನಂಗ ಹಚ್ಚಾಕ ಬರ್ತಿರಲಿಲ್ಲ."

"ಮತ್ತ?"

"ಮತ್ತೇನು? ಸೊಂಟ ಹಿಡದೈತಿ, ಬಗ್ಗಾಕ ಆಗವಲ್ದು, ನೀವ ಮಾಡ್ರಿ ಅಂದೆ. ಮಾಡಿದ್ರು. ಕೆಡಿಸಿದ್ರು, ತಿರುಗಿ ಮಾಡಿದ್ರು, ಹತ್ತಿತು. ನಾ ಅವರನ್ನ ನೋಡಿ ಕಲತೆ. ಮರುದಿನ ನಂಗೂ ಬರ್ತಿತ್ತು. ಖರೇ ಹೇಳಬೇಕಂದ್ರ ಆವತ್ತ ಆ ಸುಳ್ಳು ಬಿಡಬೇಕಿತ್ತು. ಆದ್ರ ನನಗ ಸೊಂಟನೋವು ಇದ್ದಷ್ಟು ದಿನ ಅವರ ಕೈ ಓಡ್ತಾವ ಅಂತ ಕಂಡೆ, ಬೆಲ್ಟ್ ತಂದು ಕಟ್ಟಿಕೊಂಡೆ. ಈಗ ನೋಡು, ಬಿಡಿಸಿಕೊಳ್ಳಾಕ ಆಗವಲ್ದು. ಅಕ್ಕಿ ಚೀಲ ತರಬೇಕಂದ್ರ ಮಡಗಾಂವಿಗೆ ಹೋಗತೇನಿ, ವಾಸ್ಕೋದಾಗ ಹೆಜ್ಜಿಗೊಬ್ಬಾಕಿ ಸ್ಟುಡೆಂಟ್ ಸಿಗತಾಳ."

ನನಗೆ ನಗು ತಡೆಯಲಾಗಲಿಲ್ಲ. ಅವರೂ ನಕ್ಕರು. ನಂತರ, "ನೀ ಯಾಕ ಬಂದಿ?" ಎಂದರು.

"ಕಾಮರ್ಸಿಗೆ ಹೋಗಬೇಕಂತ ಮಾಡೇನ್ರಿ."

"ಕಾಮರ್ಸ್ ಮನಸ್ಸಿಗೆ ಬಂದೈತೇನು?"

"ಇಲ್ರಿ."

"ಮತ್ತ?"

"ಅಲ್ಲಿ ಎತ್ತೋದು ಇರಂಗಿಲ್ರಿ" ಎಂದೆ, ಹಾಗೆಂದವಳೇ ಅತ್ತುಬಿಟ್ಟೆ. ಮೇಜು, ನಗು, ಹಮಾಲ್, ಪೆನ್ನು, ಎಲ್ಲ ಹೇಳಿಕೊಂಡೆ.

ಅಕ್ಕೋರು ಸಮಾಧಾನ ಮಾಡಲಿಲ್ಲ. ಚಹಾದ ಕಪ್ಪು ಕೆಳಗಿಟ್ಟರು. "ನಿಮಗ ಎತ್ತಾಕ ಕಲಿಸಿದೆ" ಎಂದರು, "ಎತ್ತಾಕ ಜಾಗಾ ಬಿಡ್ರಿ ಅಂತ ಕೇಳಾಕ ಕಲಿಸಲಿಲ್ಲ. ನಮ್ಮ ಸಾಲ್ಯಾಗ ಕೇಳೋ ಪ್ರಸಂಗಾನ ಬರಂಗಿಲ್ಲಲ್ಲ. ಅದೊಂದು ತಪ್ಪಾತು ನೋಡು." ಅವರ ಮುಖ ಸಣ್ಣಗಾಗಿತ್ತು. ನನ್ನ ದುಃಖಕ್ಕಿಂತ ಅವರ ಮುಖ ನೋಡಿ ನನಗೆ ಹೆಚ್ಚು ಸಂಕಟವಾಯಿತು.

ಆಮೇಲೆ ಇದ್ದಕ್ಕಿದ್ದಂತೆ ಎದ್ದು ಒಳಗೆ ಹೋಗಿ, ಹಳೆಯ ಸೀರೆಯಿಂದ ಒಂದು ಪಟ್ಟಿ ಹರಿದುಕೊಂಡು ಬಂದರು. "ಬಲಗೈ ಚಾಚು. ಬರಿಯೋ ಬೆರಳು ಯಾವುದು?" ತೋರುಬೆರಳಿಗೆ ದಪ್ಪಗೆ ಸುತ್ತಿ, ಮೇಲೆ ಒಂದಿಷ್ಟು ಅರಿಷಿಣ ಬಳಿದರು. "ಅರಿಷಿಣ ಇದ್ರ ಖರೇ ಅನಸ್ತೈತಿ. ನಾಳಿ ಪ್ರಾಕ್ಟಿಕಲ್ಲಿಗೆ ಹೋಗಿ ಬರಿಯಾಕ ಆಗಂಗಿಲ್ಲ ಅನ್ನು. ಆಮ್ಯಾಲೆ ಏನು ಮಾಡತಾರ ನೋಡು. ಒಂದು ವಾರ ನೋಡಿ, ಆಮ್ಯಾಲೂ ಬ್ಯಾಡ ಅನಿಸಿದ್ರ ಖುಷಿಯಿಂದ ಕಾಮರ್ಸಿಗೆ ಹೋಗು. ಆದ್ರ ನನ್ನಂಗ ಜೀವಮಾನ ಕಟ್ಟಿಕೊಂಡು ಅಡ್ಡಾಡಬ್ಯಾಡ, ಭಾಳ ತ್ರಾಸ."

ಮರುದಿನ ನೀಲೇಶ ಪೆನ್ನು ಚಾಚಿದ. ನಾನು ಬೆರಳು ಚಾಚಿದೆ. ಅವನು ಪಾಪ ನಿಜಕ್ಕೂ ಮರುಗಿ, ಪೆನ್ನನ್ನು ತಾನೇ ಇಟ್ಟುಕೊಂಡ. ಉಳಿದ ಇಬ್ಬರು ಒಬ್ಬರ ಮುಖ ಒಬ್ಬರು ನೋಡುತ್ತಿರುವಾಗ ನಾನು ಉಳಿದ ಬೆರಳುಗಳಲ್ಲೇ ವೈರು ಜೋಡಿಸಿ ಮುಗಿಸಿದೆ. ಮೀಟರಿನ ಮುಳ್ಳು ಅಲುಗಾಡಿತು. ನನಗೆ ಬೇಕಾದದ್ದು ಅಷ್ಟೇ ಎಂದು ಆಗ ತಿಳಿಯಿತು. ನೀಲೇಶನ ಅಕ್ಷರ ಎಷ್ಟು ಕೆಟ್ಟದಾಗಿತ್ತೆಂದರೆ ಅವನ ಒಂದಕ್ಕೂ ಏಳಕ್ಕೂ ವ್ಯತ್ಯಾಸವೇ ಇರಲಿಲ್ಲ. ಸರ್ ನಮ್ಮ ಗುಂಪಿಗೆ ಬೈದರು, ಅವನು ಮನೆಯಲ್ಲಿ ಕಾಪಿ ಬರೆದು ಅಕ್ಷರ ತಿದ್ದಿಕೊಳ್ಳಲು ಶುರು ಮಾಡಿದ. ನಾನು ಕಾಮರ್ಸಿಗೆ ಹೋಗಲಿಲ್ಲ.

ಆ ಬೆರಳು ಥಿಯರಿ ತರಗತಿಯಲ್ಲಿ ನೆಟ್ಟಗಿದ್ದು, ಪ್ರಾಕ್ಟಿಕಲ್ ದಿನ ಮಾತ್ರ ನೋಯುತ್ತಿತ್ತು. ಒಮ್ಮೆ ಅವಸರದಲ್ಲಿ ಎಡಗೈಗೆ ಕಟ್ಟಿಕೊಂಡು ಹೋಗಿದ್ದೆ, ಆಗಲೂ ಯಾರೂ ಏನೂ ಅನ್ನಲಿಲ್ಲ. ವರ್ಷದ ಕೊನೆಗೆ ನೀಲೇಶ ಒಂದು ದಿನ ಮೆಲ್ಲಗೆ, "ಪಟ್ಟಿ ಬಿಚ್ಚು, ಇವತ್ತು ನೀನು ಬರಿ, ನಾನು ಜೋಡಿಸ್ತೀನಿ. ಮುಂದಿನ ವಾರ ಅದಲುಬದಲು" ಎಂದ. ಅವನಿಗೆ ಯಾವಾಗಿನಿಂದ ಗೊತ್ತಿತ್ತೋ. ಅವನು ಈಗ ಒಂದು ಕಡೆ ಗಣಿತ ಕಲಿಸುತ್ತಾನೆ, ಅಕ್ಷರ ಮುತ್ತಿನ ಹಾಗಿದೆಯಂತೆ.

ನಾನು ಎಲೆಕ್ಟ್ರಿಕಲ್ ಡಿಪ್ಲೊಮಾ ಮುಗಿಸಿ ಕುಂಕಳ್ಳಿಯ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್ ಆಗಿದ್ದೇನೆ. ಶಬಾನಾ ಕಾಮರ್ಸ್ ಮುಗಿಸಿ ಅಬ್ಬಾನ ಒಂದು ಟ್ರಕ್ಕನ್ನು ಹಲವು ಮಾಡಿದ್ದಾಳೆ, ನನಗಿಂತ ಚೆನ್ನಾಗಿದ್ದಾಳೆ. ಅಕ್ಕೋರ ಗುಟ್ಟನ್ನು ನಾನು ಅವಳಿಗೂ ಹೇಳಲಿಲ್ಲ. ಅಪ್ಪನಿಗಂತೂ ಹೇಳುವುದು ಸಾಧ್ಯವೇ ಇರಲಿಲ್ಲ. ಅವನು ತೀರಿಕೊಳ್ಳುವ ವರ್ಷದವರೆಗೂ ಎಣ್ಣೆ ತರಿಸಿಕೊಟ್ಟ. "ಅಕ್ಕೋರಿಗೆ ಈಗ ಹೆಂಗೈತಿ?" ಎಂದು ಕೇಳುತ್ತಿದ್ದ. "ಸ್ವಲ್ಪ ಹಗುರಾಗೈತಂತ ಅಪ್ಪಾ" ಎನ್ನುತ್ತಿದ್ದೆ. ಆಗ ಅವನ ಮುಖದಲ್ಲಿ ಕಾಣುತ್ತಿದ್ದ ಸಮಾಧಾನ ನೆನೆದರೆ ಈಗಲೂ ಕಣ್ಣು ತುಂಬುತ್ತದೆ.

ಈಚೆಗೆ ಎರಡು ಶಾಲೆಗಳ ನಡುವಿನ ಗೋಡೆ ಒಡೆದು ಒಂದೇ ಶಾಲೆ ಮಾಡಿದರು. ಹೇಗಿದೆ ಎಂದು ಫೋನಿನಲ್ಲಿ ಕೇಳಿದ್ದೆ. "ಹುಡುಗ್ರು ಭಾಳ ಚಲೋ ಅದಾರವ್ವಾ. ನಾ ಬಾಯಿ ತಗಿಯೋದರಾಗ ಮೇಜು ಎತ್ತಿಬಿಡತಾರ. ಅದ ತ್ರಾಸ" ಎಂದಿದ್ದರು.

ಬೀಳ್ಕೊಡುಗೆಯ ದಿನ ಅಂಗಳ ತುಂಬ ಹಳೆಯ ವಿದ್ಯಾರ್ಥಿನಿಯರು. ಎಲ್ಲರಿಗೂ ಮೈಬಂದಿತ್ತು, ಕೆಲವರಿಗೆ ನಿಜವಾದ ಸೊಂಟನೋವೂ ಬಂದಿತ್ತು. ಭಾಷಣಗಳು ಮುಗಿದವು. ಬಾದಾಮಿ ಮರದ ಕೆಳಗೆ ಫೋಟೋ ಎಂದಾಗ ಹೊಸದಾಗಿ ಬಂದ ತರುಣ ಸರ್ ಮೈಕಿನಲ್ಲಿ, "ನಾಲ್ಕು ಜನ ಹುಡುಗರು ಬನ್ನಿ, ಲ್ಯಾಬಿನ ಮೇಜು ತರಬೇಕು" ಎಂದರು. ನಾಲ್ವರು ಹುಡುಗರು ಓಡಿಬಂದರು. ಹಿಂದೆ ಕುಳಿತ ನಮ್ಮೆಲ್ಲರ ಬಾಯಿಂದ ಒಂದು ನಿಟ್ಟುಸಿರು ಬಂತು.

ಆಗ ವೇದಿಕೆಯ ಮೇಲಿಂದ 'ಚರ್ರ್' ಎಂಬ ಸದ್ದು ಮೈಕಿನಲ್ಲಿ ಇಡೀ ಅಂಗಳಕ್ಕೆ ಕೇಳಿಸಿತು. ನಾವು ಅಭ್ಯಾಸಬಲದಿಂದ ತೋಳು ಏರಿಸಿದೆವು. ಆದರೆ ಅಕ್ಕೋರು ಈ ಸಲ ಬೆಲ್ಟನ್ನು ಮತ್ತೆ ಬಿಗಿದುಕೊಳ್ಳಲಿಲ್ಲ. ಅದನ್ನು ಪೂರ್ತಿ ಬಿಚ್ಚಿ, ಮಡಚಿ, ಶಾಲು ಹಾರಗಳ ಪಕ್ಕದಲ್ಲಿಟ್ಟು ಕೆಳಗಿಳಿದು ಲ್ಯಾಬಿನ ಕಡೆ ನಡೆದರು. ನಾವೆಲ್ಲ ಹಿಂದೆ ಹೋದೆವು. ಹುಡುಗರು ಮೇಜಿನ ನಾಲ್ಕು ಮೂಲೆ ಹಿಡಿದು ನಿಂತಿದ್ದರು. ಅಕ್ಕೋರು ಇಬ್ಬರ ಬೆನ್ನು ತಟ್ಟಿ, "ನೀವಿಬ್ರು ಭಾಳ ಚಲೋ ಹುಡುಗ್ರು. ಹೋಗಿ ಖುರ್ಚಿ ಒರಸ್ರಿ" ಎಂದು ಕಳಿಸಿದರು. ಖಾಲಿಯಾದ ಒಂದು ಮೂಲೆಗೆ ಬಾಗಿಲಲ್ಲಿ ನಿಂತಿದ್ದ ಎಂಟನೆಯ ತರಗತಿಯ ಹುಡುಗಿಯೊಬ್ಬಳನ್ನು ಕರೆದರು. ಇನ್ನೊಂದು ಮೂಲೆಗೆ ತಾವೇ ಬಗ್ಗಿದರು.

"ಅಕ್ಕೋರ, ಸೊಂಟಾ!" ಎಂದು ನಾವೆಲ್ಲ ಒಂದೇ ದನಿಯಲ್ಲಿ ಚೀರಿದೆವು.

"ಸೊಂಟನೋವೂ ಇವತ್ತ ರಿಟೈರ್ ಆತ್ರೆವ್ವಾ" ಎಂದರು ಅಕ್ಕೋರು. "ಹೂಂ, ಎತ್ತ್ರಿ!"

ಮೊಣಕಾಲಿನಿಂದ ಎತ್ತಿದರು, ಅಪ್ಪ ಹೇಳಿಕೊಟ್ಟ ಹಾಗೆಯೇ. ಮೇಜು ಅಲುಗದೆ ಬಾದಾಮಿ ಮರದವರೆಗೆ ಹೋಯಿತು. ಶಬಾನಾ ನನ್ನ ತೋಳು ಹಿಡಿದು "ಇಷ್ಟ್ ವರ್ಷ ಸುಳ್ಳೇನ ಇದು? ನಮ್ಮ ನಾನಿ ಎಣ್ಣಿ!" ಎಂದು ಬಾಯಿ ಬಾಯಿ ಬಡಿದುಕೊಳ್ಳುತ್ತಿದ್ದಳು. ಬಾಗಿಲುಗಳು ಸದ್ದು ಮಾಡದ ಕತೆಯನ್ನು ಅವಳಿಗೆ ಆಮೇಲೆ ಹೇಳಿದೆ.

ಫೋಟೋಗೆ ನಿಲ್ಲುವಾಗ ಅಕ್ಕೋರು ನನ್ನ ಪಕ್ಕ ಬಂದರು. ಕ್ಯಾಮೆರಾದ ಕಡೆ ನೋಡುತ್ತಲೇ ಮೆಲ್ಲಗೆ ಕೇಳಿದರು, "ನಿನ್ನ ಬೆರಳು ಹೆಂಗೈತಿ?"

ಕಾರ್ಖಾನೆಯ ಮೀಟಿಂಗುಗಳಲ್ಲಿ ಮೇಜಿನ ಸುತ್ತ ಕುಳಿತ ಅಷ್ಟೂ ಗಂಡಸರು ಮೊದಲು ನನ್ನ ಕಡೆಗೇ ಪೆನ್ನು ತಳ್ಳಿ "ಮೇಡಂ, ನೀವು ಬರ್ಕೊಳ್ಳಿ" ಎನ್ನುವುದು ನೆನಪಾಯಿತು.

"ಇನ್ನೂ ಆರಾಮ ಆಗಿಲ್ರಿ ಅಕ್ಕೋರ" ಎಂದೆ. "ಮೀಟಿಂಗ್ ಇದ್ದ ದಿನ ಭಾಳ ನೋಯ್ತೈತ್ರಿ."